ಮೋಟಾರು ಬಂಡಿಯ ಗಾಳಿ ನಿಂತಾಗ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಮತ್ತು ಚಳ್ಳಕೆರೆ ತಾಲ್ಲೂಕುಗಳು ಮಳೆಯ ಅಭಾವಕ್ಕೆ ಹೆಸರಾದ ಸೀಮೆಯೆಂಬುದು ವಾಚಕರಿಗೆ ತಿಳಿದ ವಿಷಯವೇ ಸರಿ. ನಾವು ವಾಸಿಸುವ ಕೊಂಡ್ಲಹಳ್ಳಿಯೂ ಈ ಸೀಮೆಗೆ ಸೇರಿದುದು. ಇಲ್ಲಿ ಶಿವರಾತ್ರಿ ಕಳೆಯಿತೆಂದರೆ ಬಿಸಿಲು ಏರತೊಡಗಿ, ಯುಗಾದಿಯಿಂದ ಮುಂದೆ ಮುಂಗಾರಿನ ಮೊದಲ ಹನಿ ಬೀಳುವವರೆಗೂ ನಡುಹಗಲಿನ ಪ್ರಯಾಣವು ಒಂದು ತಪಸ್ಸೇ ಆಗುತ್ತದೆ. ಕಾರಿನ ಗಾಜುಗಳನ್ನು ಇಳಿಸಿದರೆ ಕೆಂಡದಂಥ ಗಾಳಿ, ಅದರೊಡನೆ ಧೂಳು. ಏರಿಸಿದರೆ ಒಲೆಯೊಳಗೆ ಕುಳಿತಂತೆ. ಆದಕಾರಣ ಎ.ಸಿ.ಯೆಂಬುದು ಶ್ರೀಮಂತರ ವಿಲಾಸವೆಂದು ಹಿಂದೆ ಮೂಗು ಮುರಿಯುತ್ತಿದ್ದವರೂ ಈಗ ಅದನ್ನು ಅವಶ್ಯಕ ಸಾಧನವೆಂದೇ ಒಪ್ಪಿಕೊಂಡಿದ್ದಾರೆ. ವೃದ್ಧರನ್ನೋ ಬಾಣಂತಿಯನ್ನೋ ಕೂಸನ್ನೋ ಕೂರಿಸಿಕೊಂಡು ಬಳ್ಳಾರಿಗೆ ಅಥವಾ ಚಿತ್ರದುರ್ಗಕ್ಕೆ ಹೊರಟ ದಿನ, ನಡುದಾರಿಯಲ್ಲಿ ಆ ಗಾಳಿಯು ಹಠಾತ್ತನೆ ನಿಂತರೆ ಆಗುವ ಸಂಕಟವನ್ನು ಅನುಭವಿಸಿದವರೇ ಬಲ್ಲರು.

ಹೀಗೆ ಗಾಳಿ ನಿಂತೊಡನೆ ಸಾಮಾನ್ಯವಾಗಿ ಕೇಳಿಬರುವ ಮಾತು, “ಗ್ಯಾಸ್ ಖಾಲಿಯಾಗಿದೆ” ಎಂಬುದು. ಇದು ವಿಚಾರವಿಲ್ಲದ ಮಾತು. ಗಾಳಿಯನ್ನು ಬೀಸುವುದು ಒಂದು ಅಂಗ, ಅದನ್ನು ತಂಪು ಮಾಡುವುದು ಮತ್ತೊಂದು ಅಂಗ. ಗಾಳಿಯು ಚೆನ್ನಾಗಿ ಬೀಸುತ್ತಿದ್ದು ತಂಪಿಲ್ಲದಿದ್ದರೆ ಗ್ಯಾಸಿನ ಕಡೆ ಸಂಶಯಪಡಬಹುದು. ಗಾಳಿಯೇ ಬಾರದಿದ್ದರೆ ಬ್ಲೋಯರೆಂಬ ಬೀಸುವ ಯಂತ್ರವನ್ನು ನೋಡತಕ್ಕದ್ದು. ಇದಲ್ಲದೆ ಅನೇಕ ಕಾರುಗಳಲ್ಲಿ ಬ್ಲೋಯರಿನ ಗುಂಡಿಯನ್ನು ತಿರುಗಿಸದ ಹೊರತು ತಂಪಿನ ಯಂತ್ರವಾದ ಕಂಪ್ರೆಸರಿಗೆ ವಿದ್ಯುತ್ತೇ ಹೋಗದಂತೆ ಏರ್ಪಾಡು ಉಂಟು; ಗಾಳಿಯಿಲ್ಲದೆ ತಂಪಿನ ಯಂತ್ರ ಮಾತ್ರ ಓಡಿದರೆ ಒಳಗಿನ ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟುವುದೆಂಬುದೇ ಇದಕ್ಕೆ ಕಾರಣ. ಬ್ಲೋಯರಿನ ದೋಷವು ಎ.ಸಿ.ಯ ದೋಷದಂತೆ ವೇಷ ಹಾಕಿಕೊಂಡು ಬರುವುದು ಹೀಗೆ. ಗೃಹಸ್ಥರು ಇಷ್ಟನ್ನು ತಿಳಿದಿದ್ದರೂ ಅನಾವಶ್ಯಕವಾಗಿ ಗ್ಯಾಸ್ ತುಂಬಿಸುವ ಖರ್ಚು ಉಳಿಯುತ್ತದೆ.

ಕಾರಿನೊಳಗೆ ತಂಪು ಮಾಡುವ ಯಂತ್ರವನ್ನು ಕಾರ್ಖಾನೆಯಲ್ಲಿಯೇ ಕೂಡಿಸಿ ಮಾರಿದುದು ೧೯೪೦ರ ಮಾದರಿಯ ಅಮೆರಿಕದ ಪ್ಯಾಕಾರ್ಡ್ ಕಾರುಗಳಲ್ಲಿ. ತಂಪು ಸಾಕಾದರೆ ಬ್ಲೋಯರನ್ನು ನಿಲ್ಲಿಸಬಹುದಾಗಿತ್ತೇ ಹೊರತು ಕಂಪ್ರೆಸರನ್ನು ನಿಲ್ಲಿಸುವ ಗುಂಡಿಯಿರಲಿಲ್ಲ. ಬಂಡಿಯಿಂದಿಳಿದು, ಎಂಜಿನ್ನನ್ನು ನಿಲ್ಲಿಸಿ, ಬೆಲ್ಟನ್ನೇ ಕಳಚಬೇಕಾಗಿತ್ತು! ಈಗಲಾದರೋ ನಮ್ಮಲ್ಲಿ ಲಾರಿಗಳಿಗೂ ಈ ಸೌಕರ್ಯ ಬಂದಿದೆ. ೩.೫ ಟನ್ನಿಗೆ ಮೀರಿದ ಸರಕು ವಾಹನಗಳಲ್ಲಿ, ೨೦೨೫ನೆಯ ಇಸವಿ ಅಕ್ಟೋಬರ್ ೧ರಿಂದ ಮುಂದೆ ತಯಾರಾಗುವುವಕ್ಕೆ, ಚಾಲಕರ ಕೋಣೆಯಲ್ಲಿ ಎ.ಸಿ. ಇರಲೇಬೇಕೆಂದು ಕೇಂದ್ರ ಸರಕಾರವು ೨೦೨೩ರ ಡಿಸೆಂಬರಿನಲ್ಲಿ ನಿಯಮವನ್ನು ಪ್ರಕಟಿಸಿತು. ಚಳ್ಳಕೆರೆ ಬಳ್ಳಾರಿ ಹೆದ್ದಾರಿಯಲ್ಲಿ ಹಗಲಿರುಳು ಲಾರಿ ಓಡಿಸುವವರ ಮುಖಗಳನ್ನು ನೋಡಿದವರು ಈ ನಿಯಮವನ್ನು ಆಕ್ಷೇಪಿಸಲಾರರು.

ಇರಲಿ. ವೈದ್ಯಶಾಸ್ತ್ರದಲ್ಲಿ ರೋಗದ ಮೂಲವನ್ನು ಕಂಡುಹಿಡಿಯುವುದಕ್ಕೆ ‘ನಿದಾನ’ವೆಂದು ಹೆಸರು. ಕನ್ನಡದಲ್ಲಿ ಸಾವಕಾಶಕ್ಕೆ ‘ನಿಧಾನ’ವೆನ್ನುತ್ತೇವೆ. ಅಲ್ಪಪ್ರಾಣ ಮಹಾಪ್ರಾಣಗಳ ಈ ಭೇದವನ್ನು ಹುಡುಗರ ನಾಲಗೆಗೆ ಕೂರಿಸಲು ನಾವು ಮೂವತ್ತು ವರ್ಷ ಹೆಣಗಿದೆವು. ಬ್ಲೋಯರಿನ ವಿಷಯದಲ್ಲಿ ಮಾತ್ರ ಎರಡೂ ಒಟ್ಟಿಗೆ ಬೇಕು.

ಮೊದಲು ವಿದ್ಯುತ್ತಿನ ದಾರಿಯನ್ನು ತಿಳಿಯೋಣ. ಕೆರೆಯ ನೀರು ತೂಬಿನಿಂದ ಹೊರಟು ಕಾಲುವೆಯಲ್ಲಿ ಹರಿದು ಗದ್ದೆಯ ಮಡೆಯನ್ನು ಸೇರುವಂತೆ, ಬ್ಯಾಟರಿಯಿಂದ ಹೊರಟ ವಿದ್ಯುತ್ತು ಬೀಗದ ಕೈಯಿಂದ ಚಾಲನೆಗೊಳ್ಳುವ ರಿಲೇಯನ್ನೂ ಫ್ಯೂಸನ್ನೂ ದಾಟಿ ಬ್ಲೋಯರಿನ ಮೋಟಾರನ್ನು ಸೇರುತ್ತದೆ. ದೃಷ್ಟಾಂತವು ಇಲ್ಲಿಗೆ ಮುಗಿಯಿತು. ಏಕೆಂದರೆ ಗದ್ದೆಯ ನೀರು ಕೆರೆಗೆ ಹಿಂದಿರುಗಬೇಕಾದುದಿಲ್ಲ, ವಿದ್ಯುತ್ತಾದರೋ ಹಿಂದಿರುಗಲೇಬೇಕು. ಅನೇಕ ಕಾರುಗಳಲ್ಲಿ ಮೋಟಾರಿನಿಂದ ಹೊರಬಂದ ವಿದ್ಯುತ್ತು ರೆಸಿಸ್ಟರೆಂಬ ತಡೆಯನ್ನೂ ವೇಗದ ಸ್ವಿಚ್ಚನ್ನೂ ಹಾಯ್ದು ಅರ್ತ್ ತಂತಿಯ ಮೂಲಕ ಕಾರಿನ ಲೋಹದ ಮೈಯನ್ನು ಸೇರಿ ಬ್ಯಾಟರಿಗೆ ಮರಳುತ್ತದೆ. ಸ್ವಿಚ್ಚು ಒಂದರಲ್ಲಿದ್ದಾಗ ತಡೆಯ ಎಲ್ಲ ಸುರುಳಿಗಳೂ ದಾರಿಗೆ ಅಡ್ಡವಾಗಿರುತ್ತವೆ. ಎರಡು, ಮೂರಕ್ಕೆ ಏರಿಸಿದಂತೆ ಸುರುಳಿಗಳು ಕಡಿಮೆಯಾಗುತ್ತವೆ. ನಾಲ್ಕರಲ್ಲಿ ತಡೆಯೇ ಇಲ್ಲದೆ ವಿದ್ಯುತ್ತು ನೇರವಾಗಿ ಹರಿಯುತ್ತದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಕುಳಿತಲ್ಲಿಂದಲೇ ಅರ್ಧ ನಿದಾನ ಮುಗಿಯುತ್ತದೆ. ನೈಯಾಯಿಕರು ಅನ್ವಯವ್ಯತಿರೇಕವೆನ್ನುವುದು ಇದನ್ನೇ: ಯಾವುದು ಇದ್ದಾಗ ಕಾರ್ಯ ನಡೆಯುವುದು, ಯಾವುದು ಇಲ್ಲದಾಗ ನಡೆಯದು ಎಂದು ಒಂದೊಂದನ್ನೇ ಸರಿಸಿ ನೋಡುವುದು. ಒಂದು, ಎರಡು, ಮೂರರಲ್ಲಿ ಗಾಳಿಯಿಲ್ಲದೆ ನಾಲ್ಕರಲ್ಲಿ ಮಾತ್ರ ಭರದಿಂದ ಬೀಸಿದರೆ ಮೋಟಾರು, ಫ್ಯೂಸು, ರಿಲೇ ಮೂರೂ ನಿರ್ದೋಷಿಗಳು; ಅಪರಾಧವು ಬಹುಮಟ್ಟಿಗೆ ರೆಸಿಸ್ಟರಿನದು. ನಾಲ್ಕೊಂದನ್ನು ಬಿಟ್ಟು ಉಳಿದ ವೇಗಗಳೆಲ್ಲ ಇದ್ದರೆ ಸ್ವಿಚ್ಚಿನ ಕೊನೆಯ ಸ್ಪರ್ಶವನ್ನೋ ಆ ವೇಗಕ್ಕೆ ಮೀಸಲಾದ ರಿಲೇ ಅಥವಾ ತಂತಿಯನ್ನೋ ನೋಡಬೇಕು. ಯಾವ ವೇಗದಲ್ಲಿಯೂ ಉಸಿರಿಲ್ಲದಿದ್ದರೆ ಫ್ಯೂಸಿನಿಂದ ಆರಂಭಿಸಬೇಕು. ಹಳ್ಳದಲ್ಲಿ ಬಂಡಿ ಕುಕ್ಕಿದಾಗ ಗಾಳಿ ಬಂದು ಮತ್ತೆ ನಿಲ್ಲುವುದಾದರೆ, ಅಥವಾ ಮೋಟಾರಿನ ಮೈಯನ್ನು ಮೆಲ್ಲನೆ ತಟ್ಟಿದೊಡನೆ ಅದು ತಿರುಗತೊಡಗಿದರೆ, ಸಡಿಲವಾದ ಜೋಡಣೆಯನ್ನೋ ಸವೆದ ಕಾರ್ಬನ್ ಬ್ರಷ್ಷುಗಳನ್ನೋ ಊಹಿಸಬಹುದು. ಮೋಟಾರು ಮೊರೆಯುತ್ತಿದ್ದು ಗಾಳಿ ಮಾತ್ರ ಕ್ಷೀಣವಾಗಿದ್ದರೆ ಅದು ವಿದ್ಯುತ್ತಿನ ದೋಷವೇ ಅಲ್ಲ. ಜಾಲರಿ ಕಟ್ಟಿದೆ, ಇಲ್ಲವೆ ಸುರುಳಿಯ ಮೇಲೆ ಮಂಜು ಕೂತಿದೆ.

ಆದರೆ ಕೆಟ್ಟ ಭಾಗವನ್ನು ಗುರುತಿಸಿದ ಮಾತ್ರಕ್ಕೆ ನಿದಾನ ಪೂರ್ತಿಯಾಯಿತೆಂದು ತಿಳಿಯಕೂಡದು. ನಮ್ಮ ನೆರೆಯಲ್ಲಿರುವ ಶೇಂಗಾ ವ್ಯಾಪಾರಿಗಳೊಬ್ಬರ ಕಾರಿನಲ್ಲಿ ಬೇಸಗೆಯ ಆರಂಭದಲ್ಲಿ ನಾಲ್ಕನೆಯ ವೇಗವೊಂದೇ ಉಳಿಯಿತು. ಪಟ್ಟಣದ ಒಂದು ಕಾರ್ಯಾಗಾರದಲ್ಲಿ ರೆಸಿಸ್ಟರನ್ನು ಬದಲಿಸಿದರು. ಮೂರು ವಾರಕ್ಕೆ ಅದೂ ಸುಟ್ಟಿತು. ಮತ್ತೊಂದನ್ನು ಹಾಕಿದರು, ಅದು ಒಂದು ತಿಂಗಳು ಬಾಳಿತು. ಆಗ ಅವರ ಮನೆಯಾಕೆ, “ದೀಪದ ಬತ್ತಿಯನ್ನೇ ಬದಲಿಸುತ್ತಾ ಕೂತರೆ ಹೇಗೆ, ಎಣ್ಣೆಯಲ್ಲಿ ನೀರು ಬಿದ್ದಿದೆಯೇ ನೋಡಬೇಡವೇ?” ಎಂದರಂತೆ. ಶಾಸ್ತ್ರ ಓದದಿದ್ದರೂ ಆಕೆಯ ತರ್ಕ ಸರಿಯಾಗಿತ್ತು. ರೆಸಿಸ್ಟರು ತಾನು ತಡೆದ ವಿದ್ಯುತ್ತನ್ನು ಶಾಖವಾಗಿ ಮಾರ್ಪಡಿಸುತ್ತದೆ. ಆ ಶಾಖವನ್ನು ಬ್ಲೋಯರಿನ ಗಾಳಿಯೇ ಒಯ್ಯಲೆಂದು ಅದನ್ನು ಗಾಳಿಯ ದಾರಿಯಲ್ಲಿಯೇ ನಿಲ್ಲಿಸಿರುತ್ತಾರೆ. ಗಾಳಿ ಕುಂದಿದರೆ ಅದು ಅತಿಯಾಗಿ ಕಾದು, ಬೆಂಕಿ ಹತ್ತದಿರಲೆಂದು ಅದರಲ್ಲಿಟ್ಟ ಶಾಖದ ಫ್ಯೂಸು ಕರಗಿ ಹೋಗುತ್ತದೆ. ಎರಡನೆಯ ಊರಿನ ಹಿರಿಯ ಎಲೆಕ್ಟ್ರೀಷಿಯನ್ನರೊಬ್ಬರು ಮುಂದಿನ ಆಸನದೆದುರಿನ ಪೆಟ್ಟಿಗೆಯನ್ನು ಕಳಚಿ ಗಾಳಿ ಸೋಸುವ ಜಾಲರಿಯನ್ನು ಹೊರಗೆಳೆದಾಗ, ಹುಣಸೆಯ ಎಲೆ, ಶೇಂಗಾ ಹೊಟ್ಟು, ಕೆಮ್ಮಣ್ಣು ಎಲ್ಲವೂ ಸೇರಿ ಅದು ಬೆರಣಿಯಂತಾಗಿತ್ತು. ಮೋಟಾರನ್ನು ಕೈಯಿಂದ ತಿರುಗಿಸಿದರೆ ಬೇರಿಂಗು ಬಿಗಿದಿತ್ತು. ಬಿಗಿದ ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆಯುವುದರಿಂದ ರೆಸಿಸ್ಟರಿಗೆ ಇಮ್ಮಡಿ ಕ್ಲೇಶ. ಜಾಲರಿ, ಮೋಟಾರು, ರೆಸಿಸ್ಟರು ಮೂರನ್ನೂ ಒಮ್ಮೆಗೇ ಬದಲಿಸಿದ ಮೇಲೆ ಆ ಬಂಡಿಯು ಎರಡು ಬೇಸಗೆಗಳನ್ನು ಕಳೆದಿದೆ.

ಮೀಟರಿನ ಪರೀಕ್ಷೆಯನ್ನು ಬಲ್ಲವರಿಗಾಗಿ ಎರಡು ಮಾತು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು ೧೩.೮ರಿಂದ ೧೪.೪ ವೋಲ್ಟ್ ಇರುತ್ತದೆ. ಸ್ವಿಚ್ಚನ್ನು ಅತಿವೇಗಕ್ಕಿಟ್ಟು, ಜೋಡಣೆಯನ್ನು ಕಳಚದೆಯೇ, ಮೋಟಾರಿನ ಎರಡು ತಂತಿಗಳ ನಡುವೆ ಅಳೆಯಬೇಕು. ಅಲ್ಲಿ ಹೆಚ್ಚುಕಡಿಮೆ ಅಷ್ಟೇ ವೋಲ್ಟ್ ಇದ್ದೂ ಮೋಟಾರು ತಿರುಗದಿದ್ದರೆ ಮೋಟಾರೇ ಕೆಟ್ಟಿದೆ. ಏನೂ ಇಲ್ಲದಿದ್ದರೆ, ಮೀಟರಿನ ಕರಿಯ ಕಡ್ಡಿಯನ್ನು ಕಾರಿನ ಲೋಹಕ್ಕೆ ತಾಗಿಸಿ ಕೆಂಪು ಕಡ್ಡಿಯಿಂದ ಒಂದೊಂದು ತಂತಿಯನ್ನೂ ಮುಟ್ಟಬೇಕು. ಎರಡರಲ್ಲಿಯೂ ವಿದ್ಯುತ್ತು ಕಾಣದಿದ್ದರೆ ಬರುವ ದಾರಿ ಕಡಿದಿದೆ. ಎರಡರಲ್ಲಿಯೂ ಪೂರ್ಣವಾಗಿ ಕಂಡರೆ ಬರುವ ದಾರಿ ಸರಿಯಾಗಿದ್ದು, ರೆಸಿಸ್ಟರು, ಸ್ವಿಚ್ಚು, ಅರ್ತ್ ಎಂಬ ಮರಳುವ ದಾರಿ ಕಡಿದಿದೆ. ಜೋಡಣೆಯನ್ನು ಕಳಚಿ ಅಳೆಯಬಾರದೇಕೆಂದರೆ, ಒಂದೇ ಎಳೆಯಲ್ಲಿ ತೂಗಾಡುತ್ತಿರುವ ಹರಕು ತಂತಿಯೂ ಹೊರೆಯಿಲ್ಲದಾಗ ೧೨ ವೋಲ್ಟನ್ನು ತೋರಿಸುತ್ತದೆ. ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ ೨೪ ವೋಲ್ಟ್ ಇರುವುದನ್ನು ಮರೆಯಬಾರದು.

ಇನ್ನು ಫ್ಯೂಸಿನ ವಿಷಯ. ಇದನ್ನು ನಾವು ಸ್ವಲ್ಪ ಬಿರುಸಾಗಿಯೇ ಹೇಳಬೇಕಾಗಿದೆ. ಮನೆಯ ತೊಲೆಗೆ ತೂಗುಹಾಕಿದ ೭೫ ವಾಟಿನ ಫ್ಯಾನು ಆಂಪಿಯರಿನ ಮೂರರಲ್ಲೊಂದು ಭಾಗವನ್ನು ಮಾತ್ರ ಎಳೆಯುತ್ತದೆ. ಕಾರಿನ ಬ್ಲೋಯರಾದರೋ ವೋಲ್ಟು ಕಡಿಮೆಯಿರುವುದರಿಂದ ಅತಿವೇಗದಲ್ಲಿ ೧೫, ೨೦ ಆಂಪಿಯರುಗಳನ್ನು ಎಳೆಯುವುದುಂಟು. “ಹನ್ನೆರಡೇ ವೋಲ್ಟು, ಇದೇನು ಮಾಡೀತು?” ಎಂದು ಉಡಾಫೆ ಮಾಡುವವರು ಈ ಲೆಕ್ಕವನ್ನು ನೋಡಲಿ: ಒಂದು ಜೋಡಣೆಯು ಸಡಿಲವಾಗಿ ಅಥವಾ ಕಿಲುಬು ಹಿಡಿದು ಅಲ್ಲಿ ಓಮಿನ ಹತ್ತನೆಯ ಒಂದು ಭಾಗದಷ್ಟು ತಡೆ ಹುಟ್ಟಿತೆನ್ನೋಣ. ೨೦ ಆಂಪಿಯರ್ ಹರಿಯುವಾಗ ಆ ಒಂದೇ ಬಿಂದುವಿನಲ್ಲಿ ೪೦ ವಾಟಿನಷ್ಟು ಶಾಖ. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಕಡ್ಡಿ ೨೫ ವಾಟಿನದು! ಪ್ಲಾಸ್ಟಿಕ್ಕಿನ ಕನೆಕ್ಟರು ಕಂದಿ ಕರಗುವುದರಲ್ಲಿ ಆಶ್ಚರ್ಯವೇನು? ಅಂಥ ಕನೆಕ್ಟರಿಗೆ ಹೊಸ ರೆಸಿಸ್ಟರನ್ನು ಸಿಕ್ಕಿಸುವುದು ವ್ಯರ್ಥ. ತಂತಿಯ ತುದಿಯೊಡನೆ ಕನೆಕ್ಟರನ್ನೂ ಬದಲಿಸಬೇಕು. ಸುಟ್ಟ ವಾಸನೆ ಬಂದರೆ ಗಾಳಿಯನ್ನು ನಿಲ್ಲಿಸಿ, ಬಂಡಿಯನ್ನು ಬದಿಗೆ ತಂದು, ಎಲ್ಲರನ್ನೂ ಇಳಿಸಿಯೇ ಮುಂದಿನ ಮಾತು.

ಫ್ಯೂಸು ಮತ್ತೆ ಮತ್ತೆ ಹೋದಾಗ ಹೆಚ್ಚಿನ ಬಲದ ಫ್ಯೂಸನ್ನು ಹಾಕುವುದು, ಸಿಗರೇಟಿನ ಹೊದಿಕೆಯ ಬೆಳ್ಳಿಕಾಗದವನ್ನು ಸುತ್ತುವುದು, ತಂತಿಯ ಚೂರನ್ನು ಸಿಕ್ಕಿಸುವುದು, ಇವನ್ನೆಲ್ಲ ನಾವು ಕಣ್ಣಾರೆ ಕಂಡಿದ್ದೇವೆ. ಕಾವಲುಗಾರನು ಕೂಗಿದನೆಂದು ಅವನ ಬಾಯಿಗೆ ಬಟ್ಟೆ ತುರುಕಿದಂತೆ ಇದು. ಫ್ಯೂಸು ಕರಗದಿದ್ದರೆ ತಂತಿ ಕರಗುತ್ತದೆ, ಆ ತಂತಿಯು ಕೂತವರ ಕಾಲ ಬುಡದಲ್ಲಿಯೇ ಹಾದುಹೋಗಿರುತ್ತದೆ. ಅಲಗಿನಾಕಾರದ ಫ್ಯೂಸುಗಳಿಗೆ ಬಣ್ಣದ ಗುರುತುಂಟು: ೧೦ ಆಂಪಿಯರಿಗೆ ಕೆಂಪು, ೧೫ಕ್ಕೆ ನೀಲಿ, ೨೦ಕ್ಕೆ ಹಳದಿ, ೨೫ಕ್ಕೆ ಬಣ್ಣವಿಲ್ಲದ್ದು, ೩೦ಕ್ಕೆ ಹಸಿರು. ಹಳದಿ ಇದ್ದಲ್ಲಿ ಹಳದಿಯೇ ಹೋಗತಕ್ಕದ್ದು. ಹೊಸದೂ ಕರಗಿದರೆ ಬಿಗಿದ ಮೋಟಾರನ್ನೋ ಇಲಿ ಕಡಿದ ತಂತಿಯನ್ನೋ ಹುಡುಕಬೇಕು. ಶೇಂಗಾ ಮೂಟೆಗಳ ಪಕ್ಕದಲ್ಲಿ ಬಂಡಿ ನಿಲ್ಲಿಸುವ ನಮ್ಮ ಕಡೆಯವರಿಗೆ ಈ ಎರಡನೆಯದನ್ನು ವಿವರಿಸಬೇಕಾಗಿಲ್ಲ.

ಮನೆಯಲ್ಲಿ ಮಾಡಬಹುದಾದುದು ಜಾಲರಿ ಮತ್ತು ಫ್ಯೂಸುಗಳ ಪರೀಕ್ಷೆಯಷ್ಟೇ. ಬ್ಲೋಯರಿನ ಸುತ್ತ ಹಳದಿ ಬಣ್ಣದ ಕನೆಕ್ಟರು ಕಂಡರೆ ಅದು ಏರ್‌ಬ್ಯಾಗಿನದು. ಅದಕ್ಕೆ ಮೀಟರನ್ನಾಗಲಿ ಟೆಸ್ಟ್ ಲ್ಯಾಂಪನ್ನಾಗಲಿ ತಾಗಿಸಕೂಡದು. ವಿದ್ಯುತ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ತಂತಿಗಳು ಪ್ರಾಣಾಪಾಯಕಾರಿಯಾದ ವೋಲ್ಟನ್ನು ಹೊತ್ತಿರುತ್ತವೆ. ಅವುಗಳ ತಂಟೆಗೆ ಹೋಗಲೇಬಾರದು. ತಾನಾಗಿಯೇ ತಂಪನ್ನು ಹೊಂದಿಸಿಕೊಳ್ಳುವ ಬೆಲೆಬಾಳುವ ಕಾರುಗಳಲ್ಲಿ ರೆಸಿಸ್ಟರಿನ ಬದಲಿಗೆ ಟ್ರಾನ್ಸಿಸ್ಟರಿನ ಘಟಕವಿದ್ದು, ಅದು ಕೆಟ್ಟಾಗ ಬ್ಲೋಯರು ಒಂದೋ ನಿಂತೇ ಹೋಗುತ್ತದೆ, ಇಲ್ಲವೆ ನಿಲ್ಲಿಸಿದರೂ ನಿಲ್ಲದೆ ಓಡುತ್ತದೆ. ಅದರ ಪರೀಕ್ಷೆ ಬಲ್ಲವರ ಕೆಲಸ.

ಮೆಕ್ಯಾನಿಕರ ಬಳಿಗೆ ಹೋಗುವಾಗ “ಎ.ಸಿ. ಕೆಟ್ಟಿದೆ” ಎನ್ನದೆ, ಯಾವ ಯಾವ ವೇಗದಲ್ಲಿ ಗಾಳಿ ಬರುತ್ತದೆ, ಸದ್ದು ಹೇಗಿದೆ, ವಾಸನೆಯುಂಟೇ, ಜಾಲರಿಯನ್ನು ಎಂದು ಬದಲಿಸಿದ್ದು ಎಂಬಿಷ್ಟನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಅವರಿಗೂ ಉಪಕಾರ. ಬೇಸಗೆ ಮುಗಿಯಿತೆಂದು ರಿಪೇರಿಯನ್ನು ಮುಂದೂಡುವವರೂ ಉಂಟು. ಮಳೆಗಾಲದಲ್ಲಿ ಮುಂದಿನ ಗಾಜಿನ ಒಳಮೈಗೆ ಹಬೆ ಕಟ್ಟಿದಾಗ ಅದನ್ನು ತೊಡೆಯುವುದೂ ಈ ಬ್ಲೋಯರಿನ ಗಾಳಿಯೇ. ನಮ್ಮ ಸೀಮೆಯಲ್ಲಿ ಜಾಲರಿಯನ್ನು ಯುಗಾದಿಗೊಮ್ಮೆ, ಶೇಂಗಾ ಒಕ್ಕಣೆ ಮುಗಿದ ಮೇಲೊಮ್ಮೆ ತೆಗೆದು ನೋಡುವುದು ಯುಕ್ತ. ಮರದ ಕೆಳಗೆ ಬಂಡಿ ನಿಲ್ಲಿಸುವವರು ಮುಂದಿನ ಗಾಜಿನ ಬುಡದಲ್ಲಿ ಸೇರಿದ ಎಲೆಗಳನ್ನು ವಾರಕ್ಕೊಮ್ಮೆಯಾದರೂ ಗುಡಿಸಿ ತೆಗೆಯಲಿ.