ಸನ್ ಸ್ಟುಡಿಯೊ: ರಾಕ್ ಸಂಗೀತ ಕಣ್ಣುಬಿಟ್ಟ ಕೋಣೆ

ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿ, ಯೂನಿಯನ್ ಅವೆನ್ಯೂ ರಸ್ತೆಯ 706ನೇ ನಂಬರಿನ ಸಣ್ಣ ಇಟ್ಟಿಗೆ ಕಟ್ಟಡವೇ ಸನ್ ಸ್ಟುಡಿಯೊ. ರಾಕ್ ಸಂಗೀತದ ಸಂಗ್ರಹಾಲಯಗಳ ಪೈಕಿ ಇದು ಗಾತ್ರದಲ್ಲಿ ತೀರ ಚಿಕ್ಕದು. ಕ್ಲೀವ್‌ಲ್ಯಾಂಡ್ ನಗರದ ಸರೋವರದ ದಂಡೆಯಲ್ಲಿ, ವಾಸ್ತುಶಿಲ್ಪಿ ಐ.ಎಂ. ಪೇ ಕಟ್ಟಿದ ಗಾಜಿನ ಪಿರಮಿಡ್ಡಿನಲ್ಲಿ 1995ರಿಂದ ನಡೆಯುತ್ತಿರುವ ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ ಸಂಗ್ರಹದ ಮುಂದೆ ಇದು ಏನೇನೂ ಅಲ್ಲ. ಆದರೆ ಅಲ್ಲಿರುವ ಗಿಟಾರು, ಅಂಗಿ, ಹಸ್ತಪ್ರತಿಗಳೆಲ್ಲ ಬೇರೆಡೆಯಿಂದ ಬಂದು ಸೇರಿದವು. ಸನ್ ಸ್ಟುಡಿಯೊದಲ್ಲಿ ನೋಡಬೇಕಾದದ್ದು ಹಾಡುಗಳು ಹುಟ್ಟಿದ ಕೋಣೆಯನ್ನೇ. ಬರಿಗಣ್ಣಿಗೆ ಆ ಕೋಣೆಯಲ್ಲಿ ಹೆಚ್ಚೇನೂ ಕಾಣದು, ಕಥೆ ಗೊತ್ತಿದ್ದರೆ ಮಾತ್ರ ತೆರೆದುಕೊಳ್ಳುತ್ತದೆ. ಹಾಗಾಗಿ ಇಲ್ಲಿ ನೋಡುವವರನ್ನು ತಂಡ ಮಾಡಿ, ಮಾರ್ಗದರ್ಶಿಯ ಜೊತೆಗೇ ಒಳಗೆ ಕರೆದೊಯ್ಯುತ್ತಾರೆ. ಮಾರ್ಗದರ್ಶಿಗಳಲ್ಲಿ ಸ್ವತಃ ಹಾಡುವವರು, ವಾದ್ಯ ನುಡಿಸುವವರು ಹಲವರು.

ಟಿಕೆಟ್ ಸಿಗುವುದು ಸ್ಟುಡಿಯೊಗೆ ಅಂಟಿಕೊಂಡಿರುವ ಕೆಫೆಯಲ್ಲಿ. ಐವತ್ತರ ದಶಕದಲ್ಲಿ ಈ ಜಾಗದಲ್ಲಿ ಒಂದು ಹೋಟೆಲಿತ್ತು. ಧ್ವನಿಮುದ್ರಣಕ್ಕೆ ಬಂದವರು ಅಲ್ಲಿಯೇ ಊಟ, ಕಾಫಿ ಮುಗಿಸಿಕೊಳ್ಳುತ್ತಿದ್ದರು. ಪ್ರವಾಸ ಮೊದಲು ಮಹಡಿ ಹತ್ತುತ್ತದೆ. ಮೇಲಿನ ಗ್ಯಾಲರಿಯಲ್ಲಿ ಹಳೆಯ ಮುದ್ರಣ ಯಂತ್ರಗಳು, ರೆಕಾರ್ಡುಗಳು, ಫೋಟೊಗಳಿವೆ. ಮಾರ್ಗದರ್ಶಿ ಕಥೆ ಆರಂಭಿಸುವುದು ಸ್ಯಾಮ್ ಫಿಲಿಪ್ಸ್ ಅವರಿಂದ.

ಅಲಬಾಮಾದ ಫ್ಲಾರೆನ್ಸ್ ಕಡೆಯ ಬೇಸಾಯದ ಮನೆತನದಿಂದ ಬಂದ ಫಿಲಿಪ್ಸ್ ಮೆಂಫಿಸ್ಸಿನ ರೇಡಿಯೊ ಕೇಂದ್ರವೊಂದರಲ್ಲಿ ಕೆಲಸಕ್ಕಿದ್ದರು. 1950ರ ಜನವರಿಯಲ್ಲಿ ಈ ಜಾಗ ಬಾಡಿಗೆಗೆ ಹಿಡಿದು ‘ಮೆಂಫಿಸ್ ರೆಕಾರ್ಡಿಂಗ್ ಸರ್ವಿಸ್’ ತೆರೆದರು. ಮದುವೆ, ಅಂತ್ಯಕ್ರಿಯೆ, ಭಾಷಣ, ಯಾವುದಾದರೂ ಸರಿ, ಹಣ ಕೊಟ್ಟವರಿಗೆ ಮುದ್ರಿಸಿಕೊಡುವ ಅಂಗಡಿಯಿದು. ಅದು ಹೊಟ್ಟೆಪಾಡು. ಮನಸ್ಸಿದ್ದದ್ದು ಮಿಸಿಸಿಪ್ಪಿ ನದಿಯ ಬಯಲಿನ ಹತ್ತಿ ಹೊಲಗಳಿಂದ ಬರುತ್ತಿದ್ದ ಕಪ್ಪು ಗಾಯಕರ ಬ್ಲೂಸ್ ಸಂಗೀತದ ಮೇಲೆ. ಕಪ್ಪು ಜನ, ಬಿಳಿ ಜನ ಒಂದೇ ಶಾಲೆಯಲ್ಲಿ ಕಲಿಯುವಂತಿಲ್ಲ, ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ ಎಂದು ಕಾನೂನೇ ಇದ್ದ ಕಾಲದಲ್ಲಿ ಒಬ್ಬ ಬಿಳಿಯ ಈ ಗಾಯಕರಿಗೆ ಬಾಗಿಲು ತೆರೆದು, ಗೌರವದಿಂದ ಕೂರಿಸಿ ಹಾಡಿಸಿದ್ದು ಸಣ್ಣ ಸಂಗತಿಯಲ್ಲ. ಆಗಿನ್ನೂ ಹೆಸರು ಮಾಡದ ಬಿ.ಬಿ. ಕಿಂಗ್, ಹೌಲಿನ್ ವುಲ್ಫ್ ಇಲ್ಲಿ ಹಾಡಿದವರೇ.

1951ರ ಮಾರ್ಚಿನಲ್ಲಿ ಐಕ್ ಟರ್ನರ್ ಅವರ ತಂಡ ಮಿಸಿಸಿಪ್ಪಿಯಿಂದ ಕಾರಿನಲ್ಲಿ ಬಂತು. ದಾರಿಯಲ್ಲಿ ಗಿಟಾರಿನ ಆ್ಯಂಪ್ಲಿಫೈಯರ್ ಕೆಟ್ಟು, ಒಳಗಿನ ಸ್ಪೀಕರಿನ ಪದರ ಹರಿದಿತ್ತು. ರಿಪೇರಿಗೆ ಪುರುಸೊತ್ತಿಲ್ಲ. ಫಿಲಿಪ್ಸ್ ಅದರೊಳಗೆ ಕಾಗದ ತುರುಕಿ ಮುದ್ರಣ ನಡೆಸಿದರು. ಗಿಟಾರಿನ ನಾದ ಒಡೆದು, ಗರಗರ ಎನ್ನುತ್ತ ಹೊರಬಂತು. ತಂಡದ ಜಾಕಿ ಬ್ರೆನ್‌ಸ್ಟನ್ ಹೆಸರಿನಲ್ಲಿ ಹೊರಬಂದ ‘ರಾಕೆಟ್ 88’ ಎಂಬ ಆ ಹಾಡನ್ನು ಮೊಟ್ಟಮೊದಲ ರಾಕ್ ಅಂಡ್ ರೋಲ್ ರೆಕಾರ್ಡ್ ಎನ್ನುವವರು ಬಹಳ ಮಂದಿ. ಮೊದಲನೆಯದು ಯಾವುದೆಂಬ ವಾದ ಮುಗಿಯುವಂಥದ್ದಲ್ಲ. ಆದರೆ ಮುಂದೆ ರಾಕ್ ಗಿಟಾರಿಗರು ಬೇಕೆಂದೇ ಹುಡುಕಿಕೊಂಡ ಆ ಒಡಕು ದನಿಯನ್ನು, ದೋಷವೆಂದು ತಳ್ಳದೆ ಉಳಿಸಿಕೊಂಡ ಕಿವಿ ಫಿಲಿಪ್ಸ್ ಅವರದು. ಹಾಡನ್ನು ಮಾರಿದ್ದು ಶಿಕಾಗೊದ ಚೆಸ್ ಕಂಪನಿ. ಹೀಗೆ ಬೇರೆಯವರಿಗೆ ಮುದ್ರಿಸಿಕೊಡುವ ಬದಲು ಸ್ವಂತ ರೆಕಾರ್ಡ್ ತರಲು ಫಿಲಿಪ್ಸ್ 1952ರಲ್ಲಿ ‘ಸನ್ ರೆಕಾರ್ಡ್ಸ್’ ಕಟ್ಟಿದರು.

ಮಹಡಿಯ ಇನ್ನೊಂದು ಆಕರ್ಷಣೆ ಡೂಯಿ ಫಿಲಿಪ್ಸ್ ಎಂಬ ರೇಡಿಯೊ ನಿರೂಪಕನ ಬೂತು. ಸ್ಯಾಮ್‌ಗೂ ಡೂಯಿಗೂ ಹೆಸರಿನ ಹೊರತು ನಂಟಿಲ್ಲ. ಎಲ್ವಿಸ್ ಪ್ರೀಸ್ಲಿ ದನಿ ಮೊದಲ ಬಾರಿ ರೇಡಿಯೊದಲ್ಲಿ ಕೇಳಿಸಿದ್ದು ಈತನ ಕಾರ್ಯಕ್ರಮದಲ್ಲಿ. ಜನ ಮತ್ತೆ ಮತ್ತೆ ಫೋನ್ ಮಾಡಿದ್ದರಿಂದ ಅದೇ ಹಾಡು ಅಂದು ಹಲವು ಸಲ ಪ್ರಸಾರವಾಯಿತು. ಹುಡುಗನನ್ನು ರೇಡಿಯೊ ಕೇಂದ್ರಕ್ಕೆ ಕರೆಸಿದ ಡೂಯಿ, ಓದಿದ ಹೈಸ್ಕೂಲು ಯಾವುದೆಂದು ಕೇಳಿದ. ಶಾಲೆಯ ಹೆಸರಿನಿಂದಲೇ ಬಣ್ಣ ತಿಳಿಯುತ್ತಿದ್ದ ಊರದು. ಹಾಡುಗಾರ ಕಪ್ಪು ಹುಡುಗನೆಂದೇ ಭಾವಿಸಿದ್ದ ಕೇಳುಗರಿಗೆ ಬೇರೇನೂ ಹೇಳಬೇಕಾಗಲಿಲ್ಲ.

ಅಲ್ಲಿಂದ ಕೆಳಗಿಳಿದರೆ ಮುಂಭಾಗದ ಪುಟ್ಟ ಆಫೀಸು. ಫಿಲಿಪ್ಸ್ ಅವರ ಸಹಾಯಕಿ ಮ್ಯಾರಿಯನ್ ಕೀಸ್ಕರ್ ಕೂರುತ್ತಿದ್ದ ಜಾಗ. 1953ರ ಬೇಸಿಗೆಯಲ್ಲಿ ಹೈಸ್ಕೂಲು ಮುಗಿಸಿದ್ದ ಎಲ್ವಿಸ್ ಸುಮಾರು ನಾಲ್ಕು ಡಾಲರ್ ಕೊಟ್ಟು ಎರಡು ಹಾಡು ಮುದ್ರಿಸಿಕೊಳ್ಳಲು ಬಂದದ್ದು ಇವರ ಮುಂದೆ. ಹುಡುಗನ ಹೆಸರನ್ನು ಬರೆದಿಟ್ಟು, ನೆನಪಿನಲ್ಲಿ ಉಳಿಸಿಕೊಂಡ ಕೀಸ್ಕರ್‌ಗೆ ಈ ಇತಿಹಾಸದಲ್ಲಿ ಸಲ್ಲಬೇಕಾದ ಪಾಲು ದೊಡ್ಡದು.

ಆಫೀಸಿನ ಹಿಂದಿನ ಬಾಗಿಲು ದಾಟಿದರೆ ಮುದ್ರಣ ಕೋಣೆ. ಸುಮಾರು 18 ಅಡಿ ಅಗಲ, 30 ಅಡಿ ಉದ್ದ. ಗೋಡೆಗೂ ಚಾವಣಿಗೂ ಸಣ್ಣ ತೂತುಗಳ ಬಿಳಿಯ ಹಲಗೆಗಳು. ಚಾವಣಿ ಸಮತಟ್ಟಾಗಿರದೆ ಏರಿಳಿಯುತ್ತ ಸಾಗಿದೆ. ಶಬ್ದ ಒಂದೇ ಕಡೆ ಬಡಿದು ಗೊಗ್ಗರಾಗಬಾರದೆಂದು ಮಾಡಿದ ಏರ್ಪಾಡು. ಮಾರ್ಗದರ್ಶಿ ಹಳೆಯ ಟೇಪುಗಳನ್ನು ಕೇಳಿಸುವುದು ಇಲ್ಲಿ. ಸನ್ ರೆಕಾರ್ಡುಗಳ ಗುರುತಾದ ಪ್ರತಿಧ್ವನಿಯ ಗುಟ್ಟನ್ನೂ ವಿವರಿಸುತ್ತಾರೆ. ಫಿಲಿಪ್ಸ್ ಎರಡು ಆ್ಯಂಪೆಕ್ಸ್ ಟೇಪ್ ಯಂತ್ರ ಇಟ್ಟುಕೊಂಡಿದ್ದರು. ಹಾಡು ಒಂದರಲ್ಲಿ ದಾಖಲಾಗುವಾಗಲೇ ಇನ್ನೊಂದರಲ್ಲೂ ದಾಖಲಾಗುತ್ತಿತ್ತು. ಎರಡನೆಯದರಲ್ಲಿ ಟೇಪು ಮುದ್ರಿಸುವ ಹೆಡ್‌ನಿಂದ ನುಡಿಸುವ ಹೆಡ್‌ಗೆ ತಲುಪಲು ಕ್ಷಣದ ಸಣ್ಣ ಪಾಲು ಬೇಕು. ಅಷ್ಟು ತಡವಾಗಿ ಬಂದ ದನಿಯನ್ನು ಮೂಲದ ಜೊತೆ ಬೆರೆಸಿದಾಗ, ಹಾಡಿನ ಬೆನ್ನಿಗೇ ಅದರ ನೆರಳು ಕೇಳಿಸುತ್ತದೆ. ಮೂವರು ನುಡಿಸಿದ್ದು ದೊಡ್ಡ ತಂಡದ ಹಾಡಿನಂತೆ ತುಂಬಿಕೊಂಡಿರಲು ಇದೂ ಕಾರಣ.

ಆ ಮೂವರು ನಿಂತ ಜಾಗಗಳಿಗೆ ನೆಲದ ಮೇಲೆ ಗುರುತು ಹಾಕಿದ್ದಾರೆ: ಎಲ್ವಿಸ್, ಗಿಟಾರಿಗ ಸ್ಕಾಟಿ ಮೂರ್, ಬಾಸ್ ನುಡಿಸಿದ ಬಿಲ್ ಬ್ಲ್ಯಾಕ್. ಡ್ರಮ್ ಇರಲಿಲ್ಲ. 1954ರ ಜುಲೈ 5ರ ಸಂಜೆ ನಿಧಾನಗತಿಯ ಹಾಡುಗಳನ್ನು ಎಷ್ಟು ಪ್ರಯತ್ನಿಸಿದರೂ ಕೈಹತ್ತಲಿಲ್ಲ. ಬಿಡುವಿನಲ್ಲಿ ಎಲ್ವಿಸ್, ಕಪ್ಪು ಗಾಯಕ ಆರ್ಥರ್ ಕ್ರೂಡಪ್ ಅವರ ‘ದಟ್ಸ್ ಆಲ್ ರೈಟ್’ ಹಾಡನ್ನು ಕುಣಿಯುತ್ತ ಹಾಡತೊಡಗಿದರು, ಉಳಿದಿಬ್ಬರೂ ಜೊತೆಗೂಡಿದರು. ಕಂಟ್ರೋಲ್ ರೂಮಿನಲ್ಲಿದ್ದ ಫಿಲಿಪ್ಸ್ ಕಿವಿ ನಿಮಿರಿತು. ಮೊದಲಿನಿಂದ ನುಡಿಸಿ ಎಂದು ಹೇಳಿ ಟೇಪು ಓಡಿಸಿದರು. ಇಲ್ಲಿನ ಹಳೆಯ ಶೂರ್ ಮೈಕನ್ನು ಹಿಡಿದು ಫೋಟೊ ತೆಗೆಸಿಕೊಳ್ಳಲು ಪ್ರವಾಸಿಗರಿಗೆ ಅವಕಾಶವಿದೆ.

1955ರ ನವೆಂಬರಿನಲ್ಲಿ ಫಿಲಿಪ್ಸ್ ಎಲ್ವಿಸ್ ಅವರ ಒಪ್ಪಂದವನ್ನು 35,000 ಡಾಲರಿಗೆ ಆರ್‌ಸಿಎ ಕಂಪನಿಗೆ ಮಾರಿದರು. ಮೇಲ್ನೋಟಕ್ಕೆ ನಷ್ಟದ ವ್ಯಾಪಾರ. ಆದರೆ ಸಾಲದಲ್ಲಿದ್ದ ಕಂಪನಿ ಆ ಹಣದಿಂದ ಚೇತರಿಸಿಕೊಂಡು ಕಾರ್ಲ್ ಪರ್ಕಿನ್ಸ್, ಜಾನಿ ಕ್ಯಾಶ್, ಜೆರಿ ಲೀ ಲೂಯಿಸ್ ಅವರನ್ನು ಜಗತ್ತಿಗೆ ಕೇಳಿಸಿತು. ಕ್ಯಾಶ್ ತಮ್ಮ ಗಿಟಾರಿನ ತಂತಿಗಳ ನಡುವೆ ಕಾಗದ ಸಿಕ್ಕಿಸಿ, ಇಲ್ಲದ ಡ್ರಮ್ಮಿನ ಸದ್ದು ಹೊರಡಿಸುತ್ತಿದ್ದರು. 1956ರ ಡಿಸೆಂಬರ್ 4ರಂದು ಈ ಮೂವರೂ ಎಲ್ವಿಸ್ ಅವರೂ ಆಕಸ್ಮಿಕವಾಗಿ ಇದೇ ಕೋಣೆಯಲ್ಲಿ ಸೇರಿದ ಫೋಟೊ ಗೋಡೆಯ ಮೇಲಿದೆ.

ಈ ಯಶಸ್ಸಿನ ಇನ್ನೊಂದು ಮುಖವನ್ನೂ ಹೇಳದಿದ್ದರೆ ಕಥೆ ಪೂರ್ತಿಯಾಗದು. ಎಲ್ವಿಸ್ ಬಂದ ಮೇಲೆ ಸನ್ ಕಂಪನಿಯಲ್ಲಿ ಕಪ್ಪು ಗಾಯಕರ ಸರದಿ ಹೆಚ್ಚುಕಡಿಮೆ ಮುಗಿಯಿತು. 1953ರಲ್ಲಿ ‘ಬೇರ್ ಕ್ಯಾಟ್’ ಹಾಡಿ ಕಂಪನಿಗೆ ಮೊದಲ ದೊಡ್ಡ ಗೆಲುವು ತಂದ ರೂಫಸ್ ಥಾಮಸ್ ಈ ಬಗ್ಗೆ ಬಹಿರಂಗವಾಗಿಯೇ ಬೇಸರ ತೋಡಿಕೊಂಡಿದ್ದರು. ಅವರು ಮುಂದೆ ಮೆಂಫಿಸ್ಸಿನದೇ ಆದ ಸ್ಟ್ಯಾಕ್ಸ್ ಕಂಪನಿಯಲ್ಲಿ ನೆಲೆ ಕಂಡರು. ಸನ್ ನೋಡಿದವರು ಸ್ಟ್ಯಾಕ್ಸ್ ಸಂಗ್ರಹಾಲಯವನ್ನೂ ನೋಡುವುದು ಒಳ್ಳೆಯದು. ಒಂದರಲ್ಲಿ ಅರ್ಧಕ್ಕೆ ನಿಂತದ್ದು ಇನ್ನೊಂದರಲ್ಲಿ ಮುಂದುವರಿಯುತ್ತದೆ.

ಫಿಲಿಪ್ಸ್ 1960ರಲ್ಲಿ ಮ್ಯಾಡಿಸನ್ ಅವೆನ್ಯೂನ ದೊಡ್ಡ ಸ್ಟುಡಿಯೊಗೆ ಹೋದರು. 1969ರಲ್ಲಿ ಕಂಪನಿಯನ್ನು ಮಾರಿದರು. ಯೂನಿಯನ್ ಅವೆನ್ಯೂನ ಕಟ್ಟಡ ಬೇರೆ ಬೇರೆ ವ್ಯಾಪಾರಗಳ ಕೈಸೇರಿ, 1987ರಲ್ಲಿ ಮತ್ತೆ ಸ್ಟುಡಿಯೊ ಆಯಿತು. ಅದೇ ವರ್ಷ ಐರ್ಲೆಂಡಿನ ಯು-ಟೂ ತಂಡ ‘ರ‍್ಯಾಟಲ್ ಅಂಡ್ ಹಮ್’ ಆಲ್ಬಮ್ಮಿನ ಕೆಲವು ಹಾಡುಗಳನ್ನು ಇಲ್ಲಿ ಮುದ್ರಿಸಿತು. 2003ರ ಜುಲೈ 30ರಂದು ಫಿಲಿಪ್ಸ್ ತೀರಿಕೊಂಡರು. ಮರುದಿನವೇ ಕಟ್ಟಡಕ್ಕೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಮಾನ್ಯತೆ ದೊರೆಯಿತು. ಹಗಲೆಲ್ಲ ಪ್ರವಾಸಿಗರು ಓಡಾಡುವ ಕೋಣೆಯಲ್ಲಿ ಸಂಜೆಯ ನಂತರ ಈಗಲೂ ಧ್ವನಿಮುದ್ರಣ ನಡೆಯುತ್ತದೆ. ಪ್ರವಾಸದ ಅವಧಿ ಸುಮಾರು 45 ನಿಮಿಷ. ಐದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ.