ಮಗ್ ಮೇಲೆ ಚಿತ್ರ ಕೂರಿಸುವ ಕಾವು

ಬಿಳಿ ಪಿಂಗಾಣಿ ಮಗ್ ಮೇಲೆ ಫೋಟೊ ಮೂಡಿಸುವ ಸಬ್ಲಿಮೇಷನ್ ಮುದ್ರಣದಲ್ಲಿ ಬಣ್ಣವನ್ನು ಬಳಿಯುವುದಿಲ್ಲ, ಅಂಟಿಸುವುದೂ ಇಲ್ಲ. ಕಾಗದದ ಮೇಲೆ ಮುದ್ರಿಸಿದ ಬಣ್ಣ ಕಾವಿಗೆ ಆವಿಯಾಗಿ, ಮಗ್‌ನ ಮೈಗೆ ಹಚ್ಚಿರುವ ತೆಳು ಪಾಲಿಯೆಸ್ಟರ್ ಲೇಪದೊಳಕ್ಕೆ ಇಳಿದು ಅಲ್ಲೇ ನೆಲೆಸುತ್ತದೆ. ಕರ್ಪೂರ ನೀರಾಗದೆ ಗಾಳಿಯಲ್ಲಿ ಬೆರೆತುಹೋಗುವಂತೆ ಈ ಬಣ್ಣವೂ ಘನ ಸ್ಥಿತಿಯಿಂದ ನೇರವಾಗಿ ಆವಿಯಾಗುತ್ತದೆ. ಕಾಗದವನ್ನು ಮಗ್‌ಗೆ ಒತ್ತಿಹಿಡಿದು ಕಾಯಿಸುವ ಹೀಟ್ ಪ್ರೆಸ್‌ನಲ್ಲಿ ತಾಪ, ಸಮಯ, ಒತ್ತಡ ಎಂದು ಮೂರು ಹೊಂದಿಕೆಗಳಿರುವುದು ಈ ಪುಟ್ಟ ಪ್ರಯಾಣ ಸುಸೂತ್ರವಾಗಿ ಮುಗಿಯಲೆಂದು.

ಇಲ್ಲಿ ಬಳಸುವ ‘ಡಿಸ್ಪರ್ಸ್’ ಬಣ್ಣಗಳು ನೀರಿನಲ್ಲಿ ಕರಗುವುದಿಲ್ಲ. 1920ರ ದಶಕದಲ್ಲಿ ಅಸಿಟೇಟ್ ಎಂಬ ಕೃತಕ ನೂಲಿಗೆ ಬಣ್ಣ ಹಿಡಿಸಲು ಇವು ಹುಟ್ಟಿಕೊಂಡವು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪಾಲಿಯೆಸ್ಟರ್ ನೂಲು ಕಂಡುಹಿಡಿದ ಮೇಲೆ ಇವುಗಳಿಗೆ ತಕ್ಕ ನೆಲೆ ಸಿಕ್ಕಿತು. ಕಾದ ಪಾಲಿಯೆಸ್ಟರ್‌ನಲ್ಲಿ ಉದ್ದುದ್ದದ ಅಣುಸರಪಳಿಗಳು ಸಡಿಲಗೊಂಡು ಬಣ್ಣದ ಅಣುಗಳಿಗೆ ದಾರಿ ಬಿಡುತ್ತವೆ. ತಣಿದಾಗ ಮತ್ತೆ ಬಿಗಿದು ಅವುಗಳನ್ನು ಒಳಗೇ ಹಿಡಿದಿಡುತ್ತವೆ. ಸಬ್ಲಿಮೇಷನ್ ಚಿತ್ರ ಉಗುರಿಗೆ ಸಿಗದೆ, ಎದ್ದು ಬಾರದೆ ಇರಲು ಇದೇ ಕಾರಣ. ಮಗ್‌ನ ಹೊಳಪಿನ ಗ್ಲೇಜ್‌ನಲ್ಲಿ ಬಣ್ಣ ಇಳಿಯಲು ಜಾಗವೇ ಇಲ್ಲ. ಹಾಗಾಗಿ ಅಂಗಡಿಯ ಮಾಮೂಲಿ ಮಗ್ ಈ ಕೆಲಸಕ್ಕೆ ಬರುವುದಿಲ್ಲ, ಕೋಟಿಂಗ್ ಇರುವ ಮಗ್ಗೇ ಬೇಕು. ಬಣ್ಣಗಳು ಪಾರದರ್ಶಕವಾದ್ದರಿಂದ, ಅವುಗಳಲ್ಲಿ ಬಿಳಿ ಎಂಬುದೂ ಇಲ್ಲದ್ದರಿಂದ, ಮಗ್ ಕೂಡ ಬಿಳಿಯಾಗಿಯೇ ಇರಬೇಕಾಗುತ್ತದೆ.

ಪಾಲಿಯೆಸ್ಟರ್ ಟೀ ಶರ್ಟಿಗೆ ಸುಮಾರು 190ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 45ರಿಂದ 60 ಸೆಕೆಂಡು ಸಾಕು. ಮಗ್‌ಗೆ 180ರಿಂದ 200 ಡಿಗ್ರಿಯಲ್ಲಿ ಮೂರು ನಾಲ್ಕು ನಿಮಿಷ ಬೇಕು. ಬಣ್ಣ ಒಂದೇ, ಅದು ಇಳಿಯುವುದೂ ಪಾಲಿಯೆಸ್ಟರ್‌ನೊಳಕ್ಕೇ, ವ್ಯತ್ಯಾಸವಿರುವುದು ಪಿಂಗಾಣಿಯಲ್ಲಿ. ಸುಮಾರು 325 ಮಿಲಿಲೀಟರ್ ಹಿಡಿಯುವ ಸಾಮಾನ್ಯ 11 ಔನ್ಸ್ ಮಗ್ 330 ಗ್ರಾಂ ತೂಗುತ್ತದೆ ಎಂದುಕೊಂಡರೆ, ಅದನ್ನು 30 ಡಿಗ್ರಿಯಿಂದ 180ಕ್ಕೆ ಏರಿಸಲು ಸುಮಾರು 42,000 ಜೂಲ್ ಶಾಖ ಬೇಕು. 300 ವಾಟ್‌ನ ಹೀಟರ್ ಇಷ್ಟನ್ನು ಒಂದಿಷ್ಟೂ ಪೋಲು ಮಾಡದೆ ಕೊಟ್ಟರೂ 140 ಸೆಕೆಂಡು ಹಿಡಿಯುತ್ತದೆ. ಮಗ್ ಪ್ರೆಸ್‌ನ ನಿಧಾನಕ್ಕೆ ಯಂತ್ರವನ್ನು ದೂರುವುದು ಸರಿಯಲ್ಲ. ಅದು ಇಡೀ ಪಾತ್ರೆಯನ್ನೇ ಕಾಯಿಸುತ್ತಿರುತ್ತದೆ.

ಪ್ರೆಸ್‌ನ ಮೀಟರ್ ತೋರಿಸುವ ಅಂಕಿಯನ್ನು ಅರ್ಥ ಮಾಡಿಕೊಳ್ಳಬೇಕಾದದ್ದೂ ಇಲ್ಲಿಂದಲೇ. ಅದು ಮಗ್ಗನ್ನು ಸುತ್ತುವರಿದು ಕಾಯಿಸುವ ಸಿಲಿಕೋನ್ ಪಟ್ಟಿಯ ತಾಪ, ಲೇಪದ ತಾಪವಲ್ಲ. ತಣ್ಣನೆಯ ಮಗ್ ಒಳಗಿಟ್ಟೊಡನೆ ಪಟ್ಟಿಯ ತಾಪ ಇಳಿಯುತ್ತದೆ, ಮತ್ತೆ ನಿಧಾನವಾಗಿ ಏರುತ್ತದೆ. ಎಷ್ಟೋ ಯಂತ್ರಗಳಲ್ಲಿ ಎರಡು ತಾಪಗಳನ್ನು ಹೊಂದಿಸಲು ಬರುತ್ತದೆ. ಖಾಲಿ ಇರುವಾಗ ಪಟ್ಟಿ ಬೇಗ ಹಾಳಾಗದಂತೆ ಕಾಯ್ದುಕೊಳ್ಳುವ ತಗ್ಗಿನ ತಾಪ ಒಂದು, ಕೆಲಸದ ತಾಪ ಇನ್ನೊಂದು. ಕೆಲಸದ ತಾಪ ಮುಟ್ಟಿದ ಮೇಲೆ ಟೈಮರ್ ಓಡುವ ಯಂತ್ರಕ್ಕೂ ಮಗ್ ಬಿಗಿದ ಕ್ಷಣದಿಂದಲೇ ಎಣಿಸುವ ಯಂತ್ರಕ್ಕೂ ಒಂದೇ ಸಮಯ ಹೊಂದುವುದಿಲ್ಲ. ಒಂದು ಅಂಗಡಿಯವರು ಹೇಳಿದ ಲೆಕ್ಕ ಇನ್ನೊಂದು ಅಂಗಡಿಯಲ್ಲಿ ಕೈಕೊಡುವುದು ಹೆಚ್ಚಾಗಿ ಈ ಕಾರಣಕ್ಕೆ. ಒಂದೇ ಪ್ರೆಸ್‌ನಲ್ಲೂ ಬೆಳಗಿನ ಮೊದಲ ಮಗ್‌ಗೆ ಸ್ವಲ್ಪ ಹೆಚ್ಚು ಹೊತ್ತು ಬೇಕಾಗಬಹುದು, ಯಂತ್ರ ಕಾದ ಮೇಲೆ ಕಡಿಮೆ ಸಾಕಾಗಬಹುದು.

ಕಾವು ಅಥವಾ ಹೊತ್ತು ಸಾಲದಿದ್ದರೆ ಬಣ್ಣದ ಒಂದು ಪಾಲು ಕಾಗದದಲ್ಲೇ ಉಳಿದು ಚಿತ್ರ ಮಂಕಾಗುತ್ತದೆ. ಅತಿಯಾದರೆ ಬಣ್ಣ ಲೇಪದೊಳಗೆ ಹರಡಿ ಗೆರೆಗಳ ಅಂಚು ಮಸುಕಾಗುತ್ತದೆ, ಲೇಪ ಹಳದಿಗಟ್ಟುತ್ತದೆ, ಕಾಗದ ಕಂದುತ್ತದೆ. ತಿದ್ದುವಾಗ ತಾಪ ಮತ್ತು ಸಮಯ ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಎಲ್ಲಿತ್ತೆಂದು ತಿಳಿಯುವುದೇ ಇಲ್ಲ. ಒಂದನ್ನು ಹಾಗೇ ಬಿಟ್ಟು ಇನ್ನೊಂದನ್ನು ಸ್ವಲ್ಪ ಸ್ವಲ್ಪವೇ ಸರಿಸಿ ನೋಡುವುದು ಲೇಸು.

ಒತ್ತಡಕ್ಕೆ ಸಾಮಾನ್ಯವಾಗಿ ಅಂಕಿ ಇರುವುದಿಲ್ಲ, ಕೈಯ ಅಂದಾಜೇ ಅಳತೆ. ಹಿಡಿಕೆಯನ್ನು ಮುಚ್ಚುವಾಗ ತುಸು ಬಲ ಹಾಕಬೇಕಾದಷ್ಟು ಬಿಗಿ ಸರಿ. ಕಾಗದಕ್ಕೂ ಮಗ್‌ಗೂ ನಡುವೆ ಸಂದು ಉಳಿದರೆ ಆವಿ ಅಡ್ಡಾಡಿ ಚಿತ್ರದ ಪಕ್ಕ ಮಸುಕು ನೆರಳು ಮೂಡುತ್ತದೆ. ಅತಿ ಬಿಗಿಯಾದರೆ ಮಗ್ ಬಿರುಕು ಬಿಡಬಹುದು. ಪಟ್ಟಿ ಚೆನ್ನಾಗಿ ತಬ್ಬದ ಬಾಯಿಯಂಚು, ತಳ ಮತ್ತು ಹಿಡಿಯ ಬದಿಗಳಲ್ಲಿ ಬಣ್ಣ ಕಡಿಮೆ ಹಿಡಿಯುತ್ತದೆ. ಚಿತ್ರವನ್ನು ಅಲ್ಲಿಯವರೆಗೆ ಎಳೆಯದಿರುವುದೇ ಮೇಲು. ಕಾಗದ ಜರುಗದಂತೆ ಶಾಖ ತಾಳುವ ಟೇಪ್ ಅಂಟಿಸುತ್ತಾರೆ. ಅದಕ್ಕೂ ಮೊದಲು ಚಿತ್ರವನ್ನು ಎಡಬಲ ತಿರುಗಿಸಿ ಮುದ್ರಿಸಿರಬೇಕು, ಇಲ್ಲದಿದ್ದರೆ ಅಕ್ಷರಗಳು ಉಲ್ಟಾ ಬರುತ್ತವೆ.

ಕಾಗದದ ತೇವ ಇನ್ನೊಂದು ಶತ್ರು. ಶಾಯಿಯೇ ನೀರಿನದ್ದು, ಅದರ ಮೇಲೆ ಕರಾವಳಿ, ಮಲೆನಾಡಿನ ಮಳೆಗಾಲದ ಗಾಳಿಯಿಂದಲೂ ಕಾಗದ ತೇವ ಹೀರುತ್ತದೆ. ಪ್ರೆಸ್‌ನ ಕಾವಿಗೆ ಆ ನೀರು ಹಬೆಯಾಗಿ ನುಗ್ಗಿ ಬಣ್ಣದಲ್ಲಿ ಮಚ್ಚೆ, ಸೋರಿಕೆ ಉಂಟುಮಾಡುತ್ತದೆ. ಕಾಗದವನ್ನು ಗಾಳಿಯಾಡದ ಚೀಲದಲ್ಲಿಡುವುದು, ಮುದ್ರಿಸಿದ ಹಾಳೆ ಪೂರ್ತಿ ಒಣಗುವವರೆಗೆ ಕಾಯುವುದು ಇದಕ್ಕೆ ಪರಿಹಾರ.

ಟೈಮರ್ ಕೂಗಿದಾಗಲೂ ಕೆಲಸ ನಿಂತಿರುವುದಿಲ್ಲ. ಶಾಖ ತುಂಬಿಕೊಂಡ ಪಿಂಗಾಣಿ ಬೇಗ ತಣಿಯದೆ ಬಣ್ಣವನ್ನು ಇನ್ನೂ ಆವಿಯಾಗಿಸುತ್ತಲೇ ಇರುತ್ತದೆ. ಆದ್ದರಿಂದ ಶಾಖನಿರೋಧಕ ಕೈಗವಸು ತೊಟ್ಟು ಮಗ್ ಹೊರತೆಗೆದು, ಕಾಗದವನ್ನು ಅತ್ತಿತ್ತ ಜಾರಿಸದೆ ಒಂದೇ ಎಳೆತಕ್ಕೆ ಬಿಡಿಸಬೇಕು. ಕೆಲವರು ಮಗ್ಗನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಬಣ್ಣದ ಓಡಾಟವನ್ನು ಅಲ್ಲಿಗೇ ತಡೆಯುತ್ತಾರೆ. ತಣ್ಣೀರಾದರೆ ತಾಪದ ಹಠಾತ್ ಇಳಿತಕ್ಕೆ ಪಿಂಗಾಣಿ ಸೀಳುವ ಅಪಾಯವಿರುವುದರಿಂದ, ಗಾಳಿಯಲ್ಲಿ ತಾನಾಗಿ ಆರಲು ಬಿಡುವುದು ಹೆಚ್ಚು ಕ್ಷೇಮ.