ಕಣ್ಣಿನೊಳಗೆ ಕೂರಿಸುವ ಮಸೂರ: ಪ್ರಯೋಜನ ಮತ್ತು ಎಚ್ಚರಿಕೆಗಳು

ವಯಸ್ಸಾದಂತೆ ಕಣ್ಣಿನ ಸಹಜ ಮಸೂರವು ಮಬ್ಬಾಗಿ ದೃಷ್ಟಿ ಕುಂದುವುದಕ್ಕೆ ಪೊರೆ ಬರುವುದು ಎನ್ನುತ್ತಾರೆ. ಪೊರೆಯನ್ನು ಕರಗಿಸುವ ಔಷಧಿ ಇಲ್ಲ, ಶಸ್ತ್ರಚಿಕಿತ್ಸೆಯೊಂದೇ ಪರಿಹಾರ. ಹಿಂದೆ ಪೊರೆ ತೆಗೆಸಿಕೊಂಡವರು ದಪ್ಪ ಗಾಜಿನ ಕನ್ನಡಕ ಧರಿಸಬೇಕಾಗಿತ್ತು. ಈಗ ಮಬ್ಬಾದ ಮಸೂರವನ್ನು ತೆಗೆದು ಅದೇ ಜಾಗದಲ್ಲಿ ಕೃತಕ ಮಸೂರವನ್ನು ಕೂರಿಸಲಾಗುತ್ತದೆ. ಹೊರಗಿನ ವಸ್ತುವಿನಿಂದ ಕಣ್ಣೇ ಹೋದೀತೆಂಬ ಭಯದಿಂದ ಕೆಲವರು ಚಿಕಿತ್ಸೆಯನ್ನು ಮುಂದೂಡುತ್ತಾರೆ. ಇನ್ನು ಕೆಲವರು ಮಸೂರ ಕೂರಿಸಿದ ವಾರದಲ್ಲೇ ಹೊಲಕ್ಕಿಳಿಯುತ್ತಾರೆ. ಇವೆರಡೂ ಸರಿಯಲ್ಲ.

ಮಸೂರ ಬಂದ ಬಗೆ

ಎರಡನೆಯ ಮಹಾಯುದ್ಧದಲ್ಲಿ ವಿಮಾನ ಚಾಲಕರ ಕಣ್ಣಿಗೆ ಹೊಕ್ಕ ಅಕ್ರಿಲಿಕ್ ಚೂರುಗಳು ಕಣ್ಣಿಗೆ ಅಷ್ಟಾಗಿ ಬಾಧೆ ಕೊಡದಿದ್ದುದನ್ನು ಬ್ರಿಟನ್ನಿನ ನೇತ್ರವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರು ಮೊದಲ ಕೃತಕ ಮಸೂರವನ್ನು ಕೂರಿಸಿದರು. 1992ರಲ್ಲಿ ಮಧುರೆಯ ಅರೋಲ್ಯಾಬ್ ಕಡಿಮೆ ಬೆಲೆಯ ಮಸೂರ ತಯಾರಿಕೆಯನ್ನು ಆರಂಭಿಸಿದ ಮೇಲೆ ಬಡವರಿಗೂ ಇದು ಎಟುಕುವಂತಾಯಿತು. ಸಾಮಾನ್ಯವಾಗಿ ಈ ಮಸೂರವನ್ನು ಮತ್ತೆ ಬದಲಿಸಬೇಕಾಗಿಲ್ಲ. ಆದರೆ ಓದಲು ಕನ್ನಡಕ ಬೇಕಾಗಬಹುದು.

ಅಪಾಯಗಳು

1. ಸೋಂಕು: ಇದು ವಿರಳ, ಸಾವಿರಕ್ಕೆ ಒಂದರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಆದರೆ ತಗುಲಿದರೆ ಕೆಲವೇ ದಿನಗಳಲ್ಲಿ ಕಣ್ಣು ಹೋಗಬಹುದು.

2. ಅಕ್ಷಿಪಟ ಕಳಚುವುದು: ಮಿಂಚು ಹೊಡೆದಂತಾಗುವುದು, ಹಠಾತ್ತನೆ ಕಪ್ಪು ಚುಕ್ಕೆಗಳು ಹೆಚ್ಚುವುದು, ಪರದೆ ಇಳಿದಂತಾಗುವುದು ಇದರ ಲಕ್ಷಣಗಳು.

3. ಮತ್ತೆ ಮಬ್ಬಾಗುವುದು: ತಿಂಗಳುಗಳು ಅಥವಾ ವರ್ಷಗಳ ನಂತರ ಮಸೂರದ ಹಿಂದಿನ ತೆಳು ಪದರ ಮಸುಕಾಗಬಹುದು. ಲೇಸರ್‌ನಿಂದ ಕೆಲವೇ ನಿಮಿಷಗಳಲ್ಲಿ ಇದನ್ನು ಸರಿಪಡಿಸಬಹುದು.

ವಹಿಸಬೇಕಾದ ಎಚ್ಚರಿಕೆಗಳು

ಸಕ್ಕರೆ ಕಾಯಿಲೆ ಇದ್ದವರು ಶಸ್ತ್ರಚಿಕಿತ್ಸೆಗೆ ಮೊದಲೇ ಅದನ್ನು ಹತೋಟಿಗೆ ತರಬೇಕು. ಚಿಕಿತ್ಸೆಯ ನಂತರ ಕೈಗಳನ್ನು ಸೋಪಿನಿಂದ ತೊಳೆದು, ಹೇಳಿದಷ್ಟು ದಿನ ಹನಿ ಔಷಧಿ ಹಾಕಬೇಕು. ಕಣ್ಣು ಉಜ್ಜಬಾರದು, ಕೆರೆ, ಕಾಲುವೆಯ ನೀರು ತಾಗಿಸಬಾರದು. ಎದೆಹಾಲು, ಸೊಪ್ಪಿನ ರಸ ಮುಂತಾದವನ್ನು ಎಂದಿಗೂ ಹಾಕಬಾರದು. ವೈದ್ಯರು ಒಪ್ಪುವವರೆಗೆ ಒಕ್ಕಣೆ, ಕೊಟ್ಟಿಗೆ ಗುಡಿಸುವುದು, ಔಷಧಿ ಸಿಂಪರಣೆ, ಮೂಟೆ ಹೊರುವುದು ಬೇಡ. ಆದ್ದರಿಂದ ಕೆಲಸದ ಒತ್ತಡವಿಲ್ಲದ ಕಾಲದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ಉತ್ತಮ.

ಕನ್ನಡಕ ಬೇಡವೆನ್ನುವ ಯುವಕರಿಗೆ

ದೂರದ್ದು ಸರಿಯಾಗಿ ಕಾಣದ ಯುವಜನರಿಗೆ ಸಹಜ ಮಸೂರವನ್ನು ಉಳಿಸಿ, ಅದರ ಮುಂದೆ ಇನ್ನೊಂದು ಮಸೂರವನ್ನು ಇಡುವ ಪದ್ಧತಿಯೂ ಇದೆ. ಇದರಿಂದ ಕಣ್ಣಿನ ಒತ್ತಡ ಏರಬಹುದು, ಬೇಗನೆ ಪೊರೆ ಬರಬಹುದು, ಕಾರ್ನಿಯಾದ ಒಳಪದರದ ಕೋಶಗಳು ನಶಿಸಬಹುದು. ಆ ಕೋಶಗಳು ಮತ್ತೆ ಬೆಳೆಯುವುದಿಲ್ಲ. ಆದುದರಿಂದ ಇಂತಹವರು ಮಸೂರ ಇರುವಷ್ಟು ಕಾಲವೂ ನಿಯಮಿತವಾಗಿ ಕಣ್ಣಿನ ತಪಾಸಣೆ ಮಾಡಿಸಿಕೊಳ್ಳಬೇಕು. ಕನ್ನಡಕದಿಂದ ಕೆಲಸ ನಡೆಯುವವರಿಗೆ ಇದು ಅನಿವಾರ್ಯವಲ್ಲ.

ಮಸೂರ ಯಾವುದೇ ಇರಲಿ, ನೋವು ಅಥವಾ ಕೆಂಪು ಹೆಚ್ಚಿದರೆ, ಕೀವು ಬಂದರೆ, ದೃಷ್ಟಿ ಕುಂದಿದರೆ ಮರುದಿನಕ್ಕೆ ಕಾಯದೆ ಅಂದೇ ನೇತ್ರವೈದ್ಯರನ್ನು ಕಾಣತಕ್ಕದ್ದು.